ಬಿಲ್ಲೆ

ಹನುಮಂತನಗರದ ಗೇಟು ವಾಪಸು ಬಂದಿದೆ
ಲಗೇಜ್ ಆಟೋದಲ್ಲಿ ಅಂಗಾತ ಮಲಗಿ,
ಎರಡು ಮಳೆಗಾಲ ಕಂಡು.

ನಾನೇ ಕೂರಿಸಿದ ಬಳ್ಳಿ ಅದು:
ಕಬ್ಬಿಣದ ಸರಳಿಗೆ ತಾಮ್ರದ ಎಲೆ, ಮೂವತ್ತೆಂಟು,
ಎಲೆಗೊಂದು ಕಬ್ಬಿಣದ ರಿವೆಟ್ಟು.
ಎಲೆಗಳಿಗೇನೂ ಆಗಿಲ್ಲ.
ಹಳೆ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ
ತಣ್ಣಗೆ ಕೂತಿವೆ.
ತೊಟ್ಟು ತಾಗಿದ ಕಡೆಯೆಲ್ಲ ಕಬ್ಬಿಣ ಮಾತ್ರ
ಕಾಫಿ ಚರಟದ ಹಾಗೆ ಉದುರುತ್ತಿದೆ.

ಪ್ಯಾರೇಜಾನ್ ಸಾಬರು ಬೈಯಲಿಲ್ಲ.
ಸ್ಕ್ರೂಡ್ರೈವರಿನ ತುದಿಯಲ್ಲಿ ಒಂದು ರಿವೆಟ್ಟು ಮುಟ್ಟಿದರು;
ತಲೆ ಕಳಚಿ ಅಂಗೈಗೆ ಬಿತ್ತು.
‘ಇದೇ ಗಟ್ಟಿ ಅಂದ್ಕೊಂಡಿದ್ದೆ, ಅಲ್ವಾ?’

ಗೇಟಿನ ಜೊತೆಗೇ ಬಂದಿದ್ದ ವಿಶಾಲಾಕ್ಷಮ್ಮ
ಮೂಗಿನ ಮೇಲೆ ಬೆರಳಿಟ್ಟು, ‘ಥೇಟು ಗಂಡ ಹೆಂಡತಿ ಕಥೆ ಕಣ್ರೀ’ ಅಂದರು.
‘ಇಲ್ಲಮ್ಮ. ಗೇಟಿನ ಕಥೆ, ಅಷ್ಟೇ.’

ನಮ್ಮಜ್ಜ ಕುಲುಮೆಯ ಮುಂದೆ ಹೇಳುತ್ತಿದ್ದ:
ಕಮ್ಮಾರ ಕಂಚುಗಾರ ಅಣ್ಣತಮ್ಮಂದಿರು,
ಐದು ಮುಖದ ಒಬ್ಬನೇ ತಂದೆಗೆ ಹುಟ್ಟಿದವರು.
ಸಾಬರಿಗೆ ಅದನ್ನೇ ಹೇಳಿದೆ.
‘ಇರಬಹುದು ಆಚಾರಿ,
ನಡುವೆ ನೀರು ನಿಲ್ಲೋವರೆಗೆ.
ಈ ಊರ ಮಳೆ ಸಂಜೆ ನಾಲ್ಕಕ್ಕೆ ಬಂದು ಐದಕ್ಕೆ ಹೋಯ್ತು ಅಂತೀವಿ.
ಎಲೆ ಹಿಂದೆ ಬೆಳಗಾದರೂ ಇರತ್ತೆ.’

ಎಲೆ ಬಿಚ್ಚಿದೆ, ಒಂದೊಂದೇ.
ಸರಳನ್ನು ಬೆಳ್ಳಗಾಗುವ ತನಕ ಉಜ್ಜಿ
ಸತುವಿನ ಬಣ್ಣ, ಮೇಲೆ ಕಪ್ಪು.
ಡಬ್ಬಿ ಮುಚ್ಚಲು ಹೋದರೆ, ‘ತಾಮ್ರಕ್ಕೂ ಹೊಡಿ, ಬೆನ್ನಿಗೆ.’
‘ತುಕ್ಕು ಹಿಡಿಯೋದು ಕಬ್ಬಿಣಕ್ಕಲ್ವಾ?’
‘ತಿನ್ನೋ ಬಾಯಿ ಯಾವುದೋ ಅದನ್ನ ಮೊದಲು ಮುಚ್ಚು.’

ಎಸ್.ಪಿ. ರಸ್ತೆಯಿಂದ ನೈಲಾನ್ ಬಿಲ್ಲೆ ತಂದೆ,
ಕೈತುಂಬ ಹಾಲುಹಲ್ಲಿನಂಥವು.
ತೂತಿನೊಳಗೆ ನೈಲಾನ್ ಕೊಳವೆ, ಕೊಳವೆಯೊಳಗೆ ರಿವೆಟ್ಟು,
ಈ ಸಲ ತಾಮ್ರದ್ದೇ.
ಎಲೆಗೂ ಸರಳಿಗೂ ನಡುವೆ ಬಿಲ್ಲೆಯ ದಪ್ಪದಷ್ಟು ದೂರ.
ಪ್ರತಿ ತೊಟ್ಟಿನ ಬುಡದಲ್ಲಿ
ನೀರು ಇಳಿದು ಹೋಗಲು ಒಂದು ಸಣ್ಣ ದಾರಿ.

ರಾತ್ರಿ, ಜಾಲಿ ಮೊಹಲ್ಲಾದ ಶಟರುಗಳೆಲ್ಲ ಬಿದ್ದ ಮೇಲೆ,
ಮೀಟರಿನ ಒಂದು ಕಡ್ಡಿ ಎಲೆಗೆ, ಇನ್ನೊಂದು ಸರಳಿಗೆ.
ಮುಟ್ಟಿಕೊಂಡಿದ್ದರೆ ಕೂಗುತ್ತದೆ.
ಒಂದು, ಎರಡು, ಹತ್ತು. ಮೌನ.
ನಾನು ಉಸಿರು ಬಿಡುವುದೂ ಎಣಿಕೆಯ ಜೊತೆಗೇ.
ಇಪ್ಪತ್ತಮೂರನೆಯದು ಕೂಗಿತು.
ಬಿಚ್ಚಿದರೆ, ಬಿಲ್ಲೆಯ ಅಂಚಿಗೆ ಸಿಕ್ಕಿಕೊಂಡು
ಅರದ ಒಂದು ಪುಡಿ,
ರೆಪ್ಪೆಯ ಕೂದಲಿಗಿಂತ ಗಿಡ್ಡ.
ಅಷ್ಟಕ್ಕೇ ಒಂದು ಸರಳು ಹೋಗುತ್ತಿತ್ತು.

ಭಾನುವಾರ ಗೇಟು ನೇತುಹಾಕಿದೆವು.
ಕಬ್ಬಿಣದಿಂದಲೇ ಚಿಗುರಿದ ಹಾಗೆ ಎಲೆ.
ಬಿಲ್ಲೆ ಕಾಣದು; ಬಗ್ಗಿ ನೋಡಿದರೂ.
ವಿಶಾಲಾಕ್ಷಮ್ಮ ಒಮ್ಮೆ ತೆರೆದರು, ಒಮ್ಮೆ ಹಾಕಿದರು,
ಬಿಲ್ಲನ್ನು ಎರಡು ಸಲ ಓದಿದರು.
‘ಹದಿನೈದು ದಿನ ಏನು ಮಾಡಿದ್ರಿ?
ಮೊದಲಿದ್ದ ಹಾಗೇ ಇದೆಯಲ್ಲ.’