ಎಡಕ್ಕ ಜಗ್ಗತೈತಿ

ಕಿಲೋಕ್ಕ ಮೂವತ್ತೆರಡು ಅಂದ ಮುರಿಗೆಪ್ಪ,
ಕಾಟಾ ನೋಡಲಿಲ್ಲ, ನನ್ನ ಮಾರಿ ನೋಡಿದ.
ಟ್ರ್ಯಾಕ್ಟರ್ ಅಂತ ಒಯ್ದ್ರ ರೇಟು ಬ್ಯಾರೆ ಅಕ್ಕಾರ,
ಕಬ್ಬಣ ಅಂತ ಒಯ್ದ್ರ ಬ್ಯಾರೆ.
ಕಬ್ಬಣ, ಅಂದೆ. ಸುಳ್ಳು ಹೇಳಿದೆ.

ರಾಣೆಬೆನ್ನೂರಿನ ಬೀಜದ ಕಂಪನಿ ಪ್ಲಾಟಿನ್ಯಾಗ
ಬೆಂಡಿ ಸಾಲಿನ ನಡುವ ಓಡಾಡಾಕ ತಂದ ಕೂಸು ಅದು,
ಎಮ್ಮಿ ಕರುವಿನಷ್ಟು ಎತ್ತರ, ಒಂದ ಸಿಲಿಂಡರು.
ಈಗ ಹುಣಸಿ ಬುಡಕ್ಕ ಕುಂತು
ಸೀಟಿನ ಮ್ಯಾಲ ಕೋಳಿಗೆ ಕಾವು ಕೂಡಾಕ ಜಾಗಾ ಕೊಟ್ಟಿತ್ತು.
ಬಾನೆಟ್ಟಿನ ಮ್ಯಾಲ ಹೆಸರಿನ ಕಡೀ ಎರಡಕ್ಷರ ಉಳದಿದ್ದವು,
ಅವೂ ಯಾವ ಭಾಷೆದವೋ.

ತೂಗಿದ್ರು. ಗಾಲಿಗೆ ಹತ್ತಿದ ಎರಿಮಣ್ಣು ಸೈತ ತೂಗಿದ್ರು.
ಸೈಲೆನ್ಸರಿನ್ಯಾಗಿನ ಕಣಜದ ಗೂಡು, ಟ್ಯಾಂಕಿನ್ಯಾಗಿನ ಮಳಿನೀರು,
ಎಲ್ಲಾ ಸೇರಿ ಇನ್ನೂರಾ ಹನ್ನೊಂದು ಕಿಲೋ.
ಮಣ್ಣಿಗೂ ರೊಕ್ಕ ಕೊಟ್ಟು ತಂದಾಕಿ ನಾ ಒಬ್ಬಾಕಿನ ಇರಬೇಕು.

ಹೊಲಿಗಿ ಮಷೀನು ರಿಪೇರಿ ಮಾಡಾಕಿ ನಾನು.
ಮೇಡ್ಲೇರಿ ರೋಡಿನ್ಯಾಗ ಇಪ್ಪತ್ತಾರು ವರ್ಷದಿಂದ
ಬಾಬಿನ್ ಕೇಸು, ಶಟಲ್ಲು, ಹಲ್ಲಿನ ಪಟ್ಟಿ.
ಸಾಸಿವಿಯಂಥ ಸ್ಕ್ರೂ ಹಿಡದ ಬೆರಳಿಗೆ
ಇದರ ನಟ್ಟು ಬೆಲ್ಲದ ಹೆಂಟಿಯಂಗ ಕಂಡ್ವು.
ಮಗ್ಗಲ ಅಂಗಡಿ ಟೇಲರ್ ಶಂಕ್ರವ್ವ ಕೇಳಿದ್ಲು,
“ಇದರ ಮ್ಯಾಲ ಏನ ಹೊಲಿಯಾಕಿ?”
ನಾ ಉತ್ತರಾ ಕೊಡಲಿಲ್ಲ. ಪಾನಾ ಸಿಗವಲ್ದಾಗಿತ್ತು.

ಪಿಸ್ಟನ್ ಹಿಡಕೊಂಡಿತ್ತು.
ಚಿಮಣಿ ಎಣ್ಣಿಗೆ ಒಂದೀಟು ಮಷೀನ್ ಎಣ್ಣಿ ಬೆರಸಿ
ಪ್ಲಗ್ಗಿನ ತೂತಿನ್ಯಾಗ ಹನಿಸಿ ಹನ್ನೊಂದು ದಿನ ಕಾದೆ.
ಹೊತ್ತು ಮುಳುಗಿದ ಮ್ಯಾಲ ಕಟ್ಟಿಗಿ ತುಂಡಿಟ್ಟು ಮೆಲ್ಲಕ ಬಡಿಯೂದು,
ಕಿವಿಗೊಟ್ಟು ಕೇಳೂದು, ಮತ್ತ ಎಣ್ಣಿ.
ಹನ್ನೆರಡನೇ ದಿನ ಕೂದಲೆಳಿಯಷ್ಟು ಅಲಗಾಡಿತು.
ಅವತ್ತ ನಾ ಅಂಗಡಿ ತಗೀಲಿಲ್ಲ.

ಬಣ್ಣ ಕೆರದ್ರ ಬಣ್ಣ. ಮ್ಯಾಲ ಹಸರು, ಕೆಳಗ ನೀಲಿ,
ಅದರ ಕೆಳಗ ಯಾರೋ ಬಾಗಲಕ್ಕ ಹಚ್ಚಿ ಉಳದ ಕೆಂಪು.
ಎಡಗಡೆ ಆಕ್ಸಲ್ ಮ್ಯಾಲ ಒಂದು ಬೆಸಿಗಿ,
ಬಾಜೂಕ ಪಂಚ್ ಹೊಡದ ಅಕ್ಷರ:
ಹ.ದಾ. ಸವಣೂರ.

ಆಕ್ಸಲ್ಲಿಗೆ ಗೋಣಿಚೀಲ ತೊಡಿಸಿ ಬಸ್ಸಿನ್ಯಾಗ ಒಯ್ದೆ.
ಕಂಡಕ್ಟರ ಲಗೇಜ್ ಟಿಕೇಟು ಹರದ. ಮತ್ತ ತೂಕದ ಮಾತು.

ಹಜರೇಸಾಬರ ಕಣ್ಣಿನ್ಯಾಗ ಈಗ ಹಾಲಿನ ಕೆನಿ.
ಬೆಸಿಗಿ ಮ್ಯಾಲ ಹೆಬ್ಬೆರಳಾಡಿಸಿದ್ರು,
ಮಾರಿ ಸಣ್ಣದಾತು.
“ಕೊಯ್ದ ಒಗಿ ಇದನ್ನ. ಅವತ್ತ ಕರೆಂಟು ಹೋಗಿ ಹೋಗಿ ಬರತಿತ್ತು,
ಮನ್ಯಾಗ ತಂಗಿ ನಿಕಾ, ಅವಸರದಾಗ ಬಡದೀನಿ.
ಒಂದು ನೂಲು ಓರೆ ಕುಂತೈತಿ.
ಎಡಕ್ಕ ಜಗ್ಗತಿರಬೇಕಲಾ?”
ಮೂವತ್ತೆಂಟು ವರ್ಷ ತಡದೈತಿ ಅಜ್ಜಾರ, ಅಂದೆ.
“ತಡದೈತಿ,” ಅಂದ್ರು. “ನೆಟ್ಟಗಿಲ್ಲ.”
ಚಾ ತರಿಸಿದ್ರು. ಆಕ್ಸಲ್ ತೊಡಿ ಮ್ಯಾಲ ಇಟ್ಕೊಂಡ ಕುಡದ್ರು.

ವಾಪಸ್ ಬಂದು ಮುರಿಗೆಪ್ಪಗ ಹೇಳಿದ್ರ ಅಂವ ನಕ್ಕ.
“ಅಲಲಲಾ, ಅದಕ್ಕನ! ಸಾಲು ಓರೆ ಹೊಡೀತಾನ, ಕುಡದಿರತಾನ ಅಂತ
ಡ್ರೈವರ ದುರಗಪ್ಪನ್ನ ಬಿಡಿಸಿದ್ರು ಕಂಪನಿಯವ್ರು.
ಎಲಿಅಡಿಕಿ ಸೈತ ತಿನ್ನಾಂವಲ್ಲ ಅಂವ.”
ಎಲ್ಲದಾನ ಈಗ?
ಗೊತ್ತಿಲ್ಲ ಅಂದ. ಕೋಳಿಗೆ ಕಾಳು ಚೆಲ್ಲಿದ.

ಬೆಸಿಗಿ ಕೊಯ್ಯಲಿಲ್ಲ ನಾನು. ಅದರ ಮ್ಯಾಲ ಬಣ್ಣಾನೂ ಬಳೀಲಿಲ್ಲ.
ಹಗ್ಗ ಹದಿನಾಕು ಸಲ ಜಗ್ಗಿದೆ. ಹದಿನೈದಕ್ಕ
ಕೆಮ್ಮಿ, ಕರೇ ಹೊಗಿ ಉಗುಳಿ, ಹಿಡಕೊಂತು
ಟುಕು ಟುಕು, ಕಾಲ್ಮಷೀನಿನ ತಾಳದಾಗ.

ಹಿತ್ತಲದಾಗ ಮೊದಲನೇ ಸಾಲು.
ಎಡಕ್ಕ ಜಗ್ಗಿತು. ನಾ ಸ್ಟೇರಿಂಗು ಬಲಕ್ಕ ಹಿಡದೆ,
ಗಟ್ಟ್ಯಾಗಿ, ಗ್ವಾಡಿ ತನಕ.
ಒಂದೀಟು ನೆಟ್ಟಗ ಬಂತು, ಮತ್ತ ಕರಿಬೇವಿನ ಕಡೆ ಹೊಳ್ಳಿತು.
ಮೂರು ಸಾಲಿಗೆ ಬಲಗೈ ಸೋತು
ಮುಂಗೈ ನಡುಗಾಕ ಹತ್ತಿತು.

ದಿನಕ್ಕ ನೂರು ಸಾಲು ಹೊಡೀತಿದ್ದ ಅಂವ.