ಇಶ್ಬೆಲ್ ಡೇರೆ ಕೊಂಡದ್ದು

ಉಲ್ಲಾಪೂಲಿನ ದಕ್ಕೆಯೆದುರು ನಮ್ಮಂಗಡಿ.
ಬಾಗಿಲಲ್ಲೇ ತಕ್ಕಡಿ. ಬಂದವರೆಲ್ಲ ಮೊದಲು ಕೇಳುವುದು
ಎಷ್ಟು ಗ್ರಾಂ?
ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದವರು,
ನಕ್ಷೆಯ ಅಂಚು ಕತ್ತರಿಸಿ
ಸಮುದ್ರವನ್ನು ಮನೆಯಲ್ಲೇ ಬಿಟ್ಟು ಬಂದವರು,
ಒಂಬೈನೂರು ಗ್ರಾಮಿನ ಡೇರೆಯನ್ನು ಅಂಗೈಯಲ್ಲಿ ಎತ್ತಿ
ಹಸುಗೂಸಿನ ಹಾಗೆ ನಗಿಸಲು ನೋಡುವವರು.

ನಾನೂ ಹಗುರವಾಗಿಯೇ ಮಾತಾಡುತ್ತಿದ್ದೆ, ಹದಿನೆಂಟು ವರ್ಷ.

ಸೆಪ್ಟೆಂಬರಿನ ಒಂದು ಮಂಗಳವಾರ, ಹಡಗು ರದ್ದಾದ ದಿನ,
ಇಶ್ಬೆಲ್ ಮೆಕಾಸ್ಕಿಲ್ ಬಂದಳು. ಐವತ್ತೆಂಟರ ಹೆಂಗಸು,
ಕೋಟಿನ ಜೇಬಿನಲ್ಲಿ ಶ್ರುತಿಕವೆ.
ಶಾಲೆಗಳ, ಊರ ಸಭಾಂಗಣಗಳ
ತೇವ ಹಿಡಿದ ಪಿಯಾನೋಗಳಿಗೆ ಶ್ರುತಿ ಕೂಡಿಸುವುದು ಅವಳ ಕಸುಬು.
ಒಬ್ಬಳೇ ನಡೆಯುತ್ತೇನೆ, ಅಂದಳು, ಗುಡ್ಡದಾಚೆಯ ಶಾಲೆಯವರೆಗೆ,
ಐದು ದಿನ. ಹವಾಮಾನ ಕೆಟ್ಟದ್ದೇ ಇರಲಿ.
ಒಳ್ಳೆಯದಕ್ಕೆ ಕಾದು ಕೂತರೆ ಈ ಸೀಮೆಯಲ್ಲಿ
ಮದುವೆಯೂ ಆಗುವುದಿಲ್ಲ, ಮಣ್ಣೂ ಆಗುವುದಿಲ್ಲ.

ಹರಡಿದೆ. ನಡೆಯುವ ಕೋಲನ್ನೇ ಕಂಬ ಮಾಡಿಕೊಳ್ಳುವಂಥದ್ದು,
ಸುರಂಗದ ಹಾಗೆ ಎರಡು ಕಮಾನಿನದು,
ಗೂಟವೇ ಬೇಡದೆ ತನ್ನಷ್ಟಕ್ಕೇ ನಿಲ್ಲುವ ಗುಮ್ಮಟ.
“ಗಾಳಿ ಬಂದರೆ ತನ್ನಷ್ಟಕ್ಕೇ ಹೊರಟೂ ಬಿಡುತ್ತದೆ,” ಅಂದಳು.
ನೀರು ತಡೆಯುವ ಲೆಕ್ಕವನ್ನೆಲ್ಲ
ಮಗ್ಗಿಯ ಹಾಗೆ ಒಪ್ಪಿಸಿದೆ.
ಅವಳು ಬೂಟು ಕಳಚಿ, ಅಂಗಡಿಯ ನೆಲದ ಮೇಲೆ
ಒಂದೊಂದರೊಳಗೂ ಮಲಗಿ ಎದ್ದಳು.
ಉಣ್ಣೆಯ ಕೈಗವಸು ತೊಟ್ಟು, ಕಣ್ಣು ಮುಚ್ಚಿ ಜಿಪ್ಪು ಹುಡುಕಿದಳು.
ಆಮೇಲೆ ಬಟ್ಟೆಯನ್ನು ಬೆರಳಿನಿಂದ ಮೀಟಿ
“ಗಾಳಿಯಲ್ಲಿ ಇದು ಹೇಗೆ ಕೂಗುತ್ತದೆ?”

ಯಾರೂ ಕೇಳಿರಲಿಲ್ಲ.
ಚೀಟಿಯಲ್ಲಿ ತೂಕವಿತ್ತು, ಬಣ್ಣವಿತ್ತು, ಹೊಲಿದ ಕಾರ್ಖಾನೆಯ ಊರಿತ್ತು.
ನಾನು ಯಾವುದರೊಳಗೂ ಮಲಗಿದವನಲ್ಲವೆಂದು
ಆ ಕ್ಷಣ ಅಂಗಡಿಗೆಲ್ಲ ತಿಳಿದುಹೋಯಿತು.

“ಒದ್ದೆ ನನಗೆ ಹಳೆಯ ಪರಿಚಯ, ತಡೆದುಕೊಳ್ಳುತ್ತೇನೆ.
ಸಡಿಲ ಬಟ್ಟೆ ರಾತ್ರಿಯಿಡೀ ಪಟಪಟ ಬಡಿದರೆ ನಿದ್ದೆ ಹೋಗುತ್ತದೆ.
ನಿದ್ದೆಗೆಟ್ಟ ಕಾಲು ಮಾರನೇ ದಿನ
ಹೊಳೆ ದಾಟುವಾಗ ಕಲ್ಲನ್ನು ತಪ್ಪಾಗಿ ಓದುತ್ತದೆ.
ಅಷ್ಟೇ ಲೆಕ್ಕ.”

ಅಂಗಡಿಯ ಹಿಂದೆ, ಮೀನಿನ ಪೆಟ್ಟಿಗೆಗಳ ನಡುವಿನ ಹುಲ್ಲಿನಲ್ಲಿ,
ಸುರಿವ ಮಳೆಯಲ್ಲೇ ಎರಡನ್ನು ಹೂಡಿದೆವು.
ಒಂಬೈನೂರರದು ಹೊಡೆದುಕೊಂಡಿತು
ದಡಕ್ಕೆ ಎಳೆದ ಮೀನಿನಂತೆ;
ಎಷ್ಟು ಹಗ್ಗ ಬಿಗಿದರೂ ಒಂದು ಮೂಲೆ ಅಪಶ್ರುತಿ.
ಇನ್ನೊಂದು ಸಾವಿರದ ಆರುನೂರು. ಗಿಡ್ಡ. ಮಣ್ಣಿನ ಬಣ್ಣ.
ನಾಲ್ಕು ವರ್ಷದಿಂದ ಮಾರಾಟವಾಗದೆ ಅಟ್ಟದಲ್ಲಿ ಕೂತದ್ದು.
ಅವಳು ಹಗ್ಗದ ಕೊಂಡಿಯನ್ನು ಕೂದಲೆಳೆಯಷ್ಟು ಸರಿಸಿ,
ಕಿವಿಯಿಟ್ಟು,
ಮತ್ತೆ ಕೂದಲೆಳೆಯಷ್ಟು ಸರಿಸಿದಳು.
ಗಾಳಿ ಬಂತು, ಬೆನ್ನು ಸವರಿ ಹಾದುಹೋಯಿತು.
ಒಳಗೆ, ಮುಚ್ಚಿದ ಪಿಯಾನೋದ ಹೊಟ್ಟೆಯಲ್ಲಿ
ಯಾರೋ ಒಂದೇ ತಂತಿ ಮುಟ್ಟಿ ಬಿಟ್ಟಂತೆ.

“ಇದು.”
“ಏಳುನೂರು ಗ್ರಾಂ ಹೆಚ್ಚು,” ಎಂದೆ. ಅಭ್ಯಾಸಬಲ.
ಅವಳು ಚೀಲ ಬಿಚ್ಚಿ ತಕ್ಕಡಿಯ ಮೇಲೆ ಇಡತೊಡಗಿದಳು:
ಜಾಮಿನ ಗಾಜಿನ ಶೀಶೆ, ಅರ್ಧ ಓದಿದ ಕಾದಂಬರಿ,
ಎರಡನೇ ಚಮಚ, ಕನ್ನಡಿ.
ಶ್ರುತಿಕವೆಯನ್ನೂ ಇಟ್ಟಳು. ಎತ್ತಿಕೊಂಡಳು.
ಮುಳ್ಳು ಆರುನೂರ ನಲವತ್ತರಲ್ಲಿ ನಿಂತಿತು.
“ಉಳಿದ ಅರವತ್ತನ್ನು ಹೊರುತ್ತೇನೆ ಬಿಡು.”

ಗುರುವಾರ ರಾತ್ರಿ ಗಾಳಿ, ಗಂಟೆಗೆ ಅರವತ್ತು ಮೈಲಿ.
ದಕ್ಕೆಯ ದೋಣಿಗಳ ಹಗ್ಗಗಳೆಲ್ಲ ಕಂಬಕ್ಕೆ ಬಡಿದುಕೊಳ್ಳುತ್ತಿದ್ದವು.
ಕಲ್ಲಿನ ಮನೆಯೊಳಗೆ, ಎರಡು ಕಂಬಳಿಯಡಿ,
ಎದ್ದು ಕೂತವನು ನಾನು.

ಮುಂದಿನ ಬುಧವಾರ ಆಚೆಯ ಶಾಲೆಯಿಂದ ಫೋನು:
ಪಿಯಾನೋದವಳು ಹೇಳಿ ಹೋಗಿದ್ದಾಳಂತೆ,
ಜಾಮು ಕೆಡುವ ಮುಂಚೆ ತಿನ್ನಬೇಕಂತೆ.

ತಿನ್ನುತ್ತಿದ್ದೇನೆ.
ಚೀಟಿಗಳಲ್ಲಿ ತೂಕದ ಕೆಳಗೆ ಒಂದು ಖಾಲಿ ಗೆರೆ ಎಳೆದಿದ್ದೇನೆ.
ಶನಿವಾರ ಒಂದೊಂದನ್ನೇ ಹೊತ್ತು ಗುಡ್ಡ ಹತ್ತಿ
ಮಲಗಿ, ಕೇಳಿ, ಬರೆಯುತ್ತೇನೆ.
ಈವರೆಗೆ ಮೂರು ತುಂಬಿವೆ.
ಒಂದರಲ್ಲಿ ಇಷ್ಟೇ ಇದೆ:
ನಿದ್ದೆ ಬಂತು, ಕೇಳಿಸಿಕೊಳ್ಳಲಾಗಲಿಲ್ಲ.