ಸಾವಿರದ ಆರುನೂರ ಐವತ್ತು

ನಡುಕ ಯಾವಾಗ ಬರುತ್ತದೆ, ಕೇಳಿದೆ.
ಎಲ್ಲಿ ಎಂದು ಕೇಳುವುದು ಆಮೇಲೆ.

ಅನ್ಸೆಲ್ಮೊ ಹೆಲ್ಮೆಟ್ಟು ತೆಗೆದು ಕಿವಿ ಉಜ್ಜಿಕೊಂಡ.
ಎಪ್ಪತ್ತರ ಆಸುಪಾಸು. ಪಿಯಾನೊಗಳಿಗೆ ಶ್ರುತಿ ಕೂಡಿಸುವ ಕಸುಬು,
ಎಸ್ಕೆಲ್‌ನಿಂದ ಕಡಲಿನವರೆಗೆ, ಶಾಲೆ, ಚಾಪೆಲ್ಲು, ಹೋಟೆಲು,
ಗಾಳಿಗೆ ಬಾಗಿಲು ನಿಲ್ಲದ ಊರುಗಳಲ್ಲಿ.
ಬೈಕಿನ ಪಕ್ಕದ ಪೆಟ್ಟಿಗೆಗಳಲ್ಲಿ ತಂತಿ, ಉಣ್ಣೆಯ ತುಂಡು, ಒಂದು ಇಸ್ತ್ರಿ ಅಂಗಿ.

"ಮೂರೂವರೆ ಸಾವಿರ ದಾಟಿದರೆ ಬಲಗೈ ಜೋಮು.
ಎರಡು ತಂತಿ ಒಂದೇ ಸ್ವರ ಅಂದುಕೊಂಡು
ಒಂದನ್ನೊಂದು ಸುಳ್ಳು ಮಾಡುತ್ತವಲ್ಲ, ಹಾಗೆ."

ಕ್ಲಚ್ ಹಿಡಿದು ಇಳಿಜಾರಿಗೆ ಬಿಟ್ಟರೆ?
"ಇಲ್ಲ."
ಹಾಗಾದರೆ ಚಕ್ರವಲ್ಲ.
ನಿಂತಲ್ಲೇ ತಿರುವಿದರೆ?
"ಇದೆ."
ಹಾಗಾದರೆ ಚೈನೂ ಅಲ್ಲ. ಪಾಪ, ಮೊನ್ನೆ ತಾನೇ ಹೊಸದು ಹಾಕಿಸಿದ್ದ.

ನಾಲ್ಕು ಕಾರ್ಬ್ಯುರೇಟರಿಗೆ ನಾಲ್ಕು ಕೊಳವೆ ಸಿಕ್ಕಿಸಿದೆ.
ಪಾದರಸ ಮೆಟ್ಟಿಲಾಗಿ ನಿಂತಿತು, ಮೂರನೆಯದು ತುಸು ಸೋಮಾರಿ.
ತಿರುಪು ಕಾಲು ಸುತ್ತು. ನಾಲ್ಕೂ ಸಮ.
ಅವನು ಕಣ್ಣು ಮುಚ್ಚಿ, "ಈಗ ಇಂಪು" ಅಂದ.
ಟ್ಯಾಂಕಿನ ಮೇಲಿಟ್ಟ ನೀರಿನ ಲೋಟಕ್ಕೆ
ಇನ್ನೂ ಚಳಿ ಬಿಟ್ಟಿರಲಿಲ್ಲ.

ಉದ್ದನೆಯ ಸ್ಕ್ರೂಡ್ರೈವರು: ಹಿಡಿ ಕಿವಿಗೆ, ಮೊನೆ ಎಂಜಿನ್ನಿಗೆ.
ಬೇರಿಂಗು ಸುಮ್ಮನಿತ್ತು. ವಾಲ್ವುಗಳದ್ದು ಒಂದೇ ದರ್ಜಿಯ ಹೊಲಿಗೆ.
ಬಲಗಡೆ, ಕ್ರ್ಯಾಶ್ ಬಾರ್ ಎಂಜಿನ್ನನ್ನು ಹಿಡಿದ ಕಡೆ
ಯಾರೋ ಹಲ್ಲು ಕಡಿಯುತ್ತಿದ್ದರು.
ಬಾರಿನ ಮೇಲೆ ಹೊಸ ಕಪ್ಪು ಬಣ್ಣ. ಕುಂಚದ್ದು, ಅವಸರದ್ದು.

"ಎಲ್ಲಿ ಬಿದ್ದಿರಿ?"

ಹೊರಗೆ ತಗಡು ಬಡಿದುಕೊಂಡಿತು, ಎರಡು ಸಲ.
"ಟೆಕಾ ಹತ್ತಿರ. ಜಲ್ಲಿ. ಹೆಚ್ಚುಕಮ್ಮಿ ನಿಂತೇ ಇದ್ದೆ, ಗಾಳಿ ತಳ್ಳಿತು.
ಮಗಳಿಗೆ ಹೇಳಬೇಡಿ, ನೆರಿಸ್, ಕೀಲಿ ಕಿತ್ತುಕೊಳ್ಳುತ್ತಾಳೆ."
ಮತ್ತೆ, ಬೇರೆ ದನಿಯಲ್ಲಿ:
"ನನ್ನ ಶ್ರುತಿಕವೆ ಅಲ್ಲೇ ಹೋಯಿತು."
ಎರಡು ಗಂಟೆ ಮಂಡಿಯೂರಿ ಹುಡುಕಿದನಂತೆ.
ಆಮೇಲೆ ಮೂರು ಪಿಯಾನೊ, ಬರೀ ನೆನಪಿನ ಮೇಲೆ.

ನಾನು ಏನೂ ಅನ್ನಲಿಲ್ಲ. ಬಾಗಿದ ಬಾರ್ ಬಿಚ್ಚಿದೆ.
ಎಂಜಿನ್ನನ್ನು ಚೌಕಟ್ಟಿಗೆ ಕಚ್ಚಿದ ಬೋಲ್ಟುಗಳನ್ನೆಲ್ಲ
ಒಂದೊಂದಾಗಿ ಸಡಿಲಿಸಿದೆ. ಭುಜ ಕೊಟ್ಟು ಗಾಡಿ ಅಲುಗಿಸಿದೆ.
ಶುರು ಮಾಡಿ ಒಂದು ನಿಮಿಷ ಅದರ ಪಾಡಿಗೆ ಬಿಟ್ಟೆ.
ಮಲಗುವ ಮುಂಚೆ ಸುತ್ತು ಹಾಕುವ ನಾಯಿಯ ಹಾಗೆ
ತಡಕಾಡಿ, ತಡಕಾಡಿ, ಕೂತಿತು.
ಆಮೇಲೆ ಬಿಗಿ. ಹಿಂದಿನದು ಮೊದಲು,
ಅಳತೆಯ ಪಾನಾ ಟಿಕ್ ಅನ್ನುವವರೆಗೆ.

ನಾಲ್ಕು ಸಾವಿರ.
ಲೋಟದ ನೀರು ಕಿಟಕಿಯನ್ನು
ಇಡಿಯಾಗಿ ಹಿಡಿದಿತ್ತು.

ದುಡ್ಡು ಎಣಿಸಿದ ಮೇಲೂ ಹೊರಡಲಿಲ್ಲ.
ಬಿಲ್ಲಿನ ಬೆನ್ನಿಗೆ ಪೆನ್ಸಿಲ್ ಲೆಕ್ಕ:
ನಾಲ್ಕು ಸಿಲಿಂಡರು, ಸುತ್ತಿಗೆ ಎರಡು ಸ್ಫೋಟ,
ಸೆಕೆಂಡಿಗೆ ಐವತ್ತೈದು ಬೇಕು.
"ಸಾವಿರದ ಆರುನೂರ ಐವತ್ತಕ್ಕೆ ನಿಲ್ಲಿಸುತ್ತೀರಾ?"

ಪ್ಲಗ್ಗಿನ ತಂತಿಗೆ ಡಿಜಿಟಲ್ ಮೀಟರು ಸಿಕ್ಕಿಸಿ
ಉಸಿರು ಬಿಗಿಹಿಡಿದು ಥ್ರಾಟಲ್ ಹಿಡಿದೆ.
ನಲವತ್ತೆಂಟು. ಐವತ್ತೊಂದು. ಐವತ್ತು.
"ಲಾ," ಅಂದ, "ಮೂರು ಸ್ಥಾಯಿ ಕೆಳಗೆ, ನೆಲಮಾಳಿಗೆಯ ಲಾ."
ತನ್ನ ನೆನಪಿನದನ್ನು ಗುನುಗಿ ಅದರ ಪಕ್ಕಕ್ಕಿಟ್ಟ.
ಮುಖ ಇಳಿಯಿತು, ಎರಡು ಕೂದಲೆಳೆಯಷ್ಟು.

"ಗ್ವಾಲ್ಹಾಯ್ನದ ಶಾಲೆಗೆ ವಾಪಸ್ ಹೋಗಬೇಕು,"
ಕೈಗವಸು ಎಳೆದುಕೊಳ್ಳುತ್ತ ಅಂದ, "ಹೋಟೆಲಿಗೂ.
ನಿಮ್ಮ ಚಾಪೆಲ್ಲಿನದು ಬಿಡಿ,
ನೀವು ಹಾಡುವುದೂ ಅಷ್ಟರಲ್ಲೇ."